ಮೋಟಾರು ಹಾಕಿದವರೇ ಆರಿಸತಕ್ಕದ್ದು

ನಮ್ಮ ಮನೆಯ ಹಿಂಬಾಗಿಲ ಪಕ್ಕ, ನೀರಿನ ಮೋಟಾರಿನ ಸ್ವಿಚ್ಚಿನ ಮೇಲೆ, ಒಂದು ಹಳದಿ ಕಾಗದ ಅಂಟಿಸಿದೆ. ಮಾವನವರ ಕೈಬರಹ, ಕಾರ್ಖಾನೆಯ ನೋಟೀಸ್ ಬೋರ್ಡಿನ ಭಾಷೆ. ‘ಮೋಟಾರು ಹಾಕಿದವರೇ ಆರಿಸತಕ್ಕದ್ದು’ ಎಂದು ದಪ್ಪ ಮಾರ್ಕರಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಸಹಿ ಮತ್ತು ದಿನಾಂಕ ಹಾಕಿದ್ದಾರೆ. ಆ ಗೆರೆಗಳ ಕೆಳಗೆ ಒಂಬತ್ತನೇ ಕ್ಲಾಸಿನ ನನ್ನ ಮಗಳು ಪೆನ್ಸಿಲ್ಲಿನಲ್ಲಿ ಒಂದು ತಿದ್ದುಪಡಿ ಸೇರಿಸಿದ್ದಾಳೆ: ‘ಇದು ಅಪ್ಪನಿಗೆ ಅನ್ವಹಿಸುವುದಿಲ್ಲ. ಅಪ್ಪ ಹಾಕಲೇಬಾರದು.’ ಕಾಗುಣಿತ ತಪ್ಪಿದೆ. ತಿದ್ದೋಣವೆಂದು ಒಂದು ದಿನ ಪೆನ್ಸಿಲ್ ಹಿಡಿದು ಅಲ್ಲಿಗೆ ಹೋಗಿದ್ದೆ. ನಾನು ಸ್ವಿಚ್ಚಿನ ಹತ್ತಿರ ನಿಂತದ್ದನ್ನು ಅಡುಗೆಮನೆಯಿಂದ ಅತ್ತೆ ನೋಡಿದರು. ಏನೂ ಅನ್ನಲಿಲ್ಲ, ಸೌಟು ಕೆಳಗಿಟ್ಟರು. ನಾನು ವಾಪಸ್ ಬಂದೆ.

ಹೊರಗಡೆ ನಾನು ಅಷ್ಟೇನೂ ಸಣ್ಣ ಮನುಷ್ಯನಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಮೊದಲ ಎಂಟು ವರ್ಷ ಕೋಡ್ ಬರೆದೆ. ಆಮೇಲೆ ಕೋಡ್ ಬರೆಯುವವರನ್ನು ನೋಡಿಕೊಂಡೆ. ಈಗ ಕೋಡ್ ಬರೆಯುವವರನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುತ್ತೇನೆ. ಇದನ್ನು ಅತ್ತೆಗೆ ಬಿಡಿಸಿ ಹೇಳಿದ್ದರ ಫಲವಾಗಿ ಅವರು ಒಂದು ನಾಮಕರಣದಲ್ಲಿ ನನ್ನನ್ನು ‘ನಮ್ಮ ಅಳಿಯಂದಿರು, ನೋಡ್ಕೊಳ್ಳೋ ಕೆಲಸದಲ್ಲಿದ್ದಾರೆ’ ಎಂದು ಪರಿಚಯಿಸಿದರು. ಎದುರಿಗಿದ್ದ ಹಿರಿಯರು ಕನಿಕರದಿಂದ ‘ನೈಟ್ ಶಿಫ್ಟಾ?’ ಎಂದು ಕೇಳಿದರು. ಅಮೆರಿಕದವರ ಜೊತೆ ರಾತ್ರಿ ಹನ್ನೊಂದರವರೆಗೆ ಕಾಲ್ ಇರುವುದರಿಂದ ಹೌದೆಂದೆ.

ಲಾರೆನ್ಸ್ ಪೀಟರ್, ರೇಮಂಡ್ ಹಲ್ ಎಂಬಿಬ್ಬರು 1969ರಲ್ಲಿ ಒಂದು ಪುಸ್ತಕ ಬರೆದರು. ಚೆನ್ನಾಗಿ ಕೆಲಸ ಮಾಡಿದವನಿಗೆ ಬಡ್ತಿ ಕೊಡುತ್ತಾ ಹೋಗುತ್ತಾರೆ, ಕೊನೆಗೆ ಅವನು ತನಗೆ ಬಾರದ ಕೆಲಸಕ್ಕೆ ಬಂದು ಅಲ್ಲೇ ನಿಲ್ಲುತ್ತಾನೆ ಎಂಬುದು ಅದರ ಸಾರ. ಆಫೀಸಿನಲ್ಲಿ ಆ ಜಾಗ ತಲುಪಲು ನನಗೆ ಹದಿನೈದು ವರ್ಷ ಹಿಡಿಯಿತು. ಮನೆಯಲ್ಲಿ ಬಡ್ತಿಯ ಅಗತ್ಯವೇ ಬೀಳಲಿಲ್ಲ.

ಮನೆ ಎಂದರೆ, ಹೇಳಿಬಿಡುತ್ತೇನೆ, ಮಾವನ ಮನೆ. ನಾನು ಅರಸೀಕೆರೆ ಕಡೆಯ ಮನೆಯಳಿಯ. ಇಂದಿರಾನಗರದಲ್ಲಿ, ಹನ್ನೆರಡನೇ ಮೇನಿನಿಂದ ಎರಡು ಅಡ್ಡರಸ್ತೆ ಒಳಗೆ, ಮಾವ 1984ರಲ್ಲಿ ಬಿಡಿಎ ಸೈಟಿನಲ್ಲಿ ಕಟ್ಟಿಸಿದ ಮನೆ. ಆಗ ಇಲ್ಲಿಂದ ದೂಪನಹಳ್ಳಿಗೆ ನಡೆದು ಹೋದರೆ ಎಮ್ಮೆ ಎದುರಾಗುತ್ತಿತ್ತಂತೆ. ಈಗ ನಮ್ಮ ಎಡಪಕ್ಕದ ಮನೆಯಲ್ಲಿ ಬಿಯರ್ ಕುದಿಸುತ್ತಾರೆ, ಬಲಪಕ್ಕದ ಮನೆಯಲ್ಲಿ ಬೆಕ್ಕಿಗೆ ಸ್ನಾನ ಮಾಡಿಸುತ್ತಾರೆ, ಎದುರಿನ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗರು ಒಂದು ಕಪ್ ಕಾಫಿಗೆ ಮೂರು ತಾಸು ಕುಳಿತು ಕಂಪನಿ ಕಟ್ಟುತ್ತಾರೆ. ಇವೆಲ್ಲದರ ನಡುವೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ಮನೆ ನಮ್ಮದೊಂದೇ. ಮೊಬೈಲಿನಲ್ಲಿ ದಾರಿ ಹುಡುಕಿಕೊಂಡು ಬಂದವರು ಅದನ್ನೂ ಹೋಟೆಲಿನ ಅಲಂಕಾರವೆಂದು ತಿಳಿದು ಒಳಗೆ ಬಂದು, ಜಗಲಿಯ ಮೇಲೆ ಕುಳಿತು, ಮೆನು ಕೇಳಿದ್ದುಂಟು. ಅತ್ತೆ ಒಮ್ಮೆ ಅವಲಕ್ಕಿ ಕೊಟ್ಟು ಕಳಿಸಿದ್ದರು.

ಮಾವ ಎನ್‌ಜಿಇಎಫ್‌ನವರು. ಹೊಸಬರಿಗೆ ಈ ಹೆಸರು ಬೈಯಪ್ಪನಹಳ್ಳಿಯ ದಾರಿಯಲ್ಲಿ ಒಂದು ಬಸ್ ಸ್ಟಾಪು ಅಷ್ಟೇ. ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ; ರಾಜ್ಯ ಸರ್ಕಾರ ಜರ್ಮನಿಯ ಎಇಜಿ ಕಂಪನಿಯ ಜೊತೆ ಸೇರಿ ನಡೆಸಿದ್ದು. ಮೋಟಾರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರು ಮಾಡುತ್ತಿತ್ತು. ಮಾವ 1971ರಲ್ಲಿ ಮೋಟಾರಿನ ವೈಂಡಿಂಗ್ ಕೆಲಸಕ್ಕೆ ಸೇರಿದರು. ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಸ್ಟೇಟರಿನ ಕಚ್ಚುಗಳಲ್ಲಿ ಕೂರಿಸಿ, ವಾರ್ನಿಷ್ ಹೊಯ್ದು ಒಣಗಿಸುವ ಕೆಲಸ. 2002ರಲ್ಲಿ ಕಾರ್ಖಾನೆ ಬಾಗಿಲು ಹಾಕಿದಾಗ ಸೂಪರ್‌ವೈಸರ್ ಆಗಿದ್ದರು. ಒಂದೇ ಗೇಟು, ಮೂವತ್ತೊಂದು ವರ್ಷ. ನಾನು ಇಪ್ಪತ್ತೆರಡು ವರ್ಷದಲ್ಲಿ ಆರು ಗೇಟು ದಾಟಿದ್ದೇನೆ. ಕಾರ್ಖಾನೆಯ ಜಾಗದಲ್ಲಿ ಈಗ ಒಂದಷ್ಟು ಭಾಗ ಮೆಟ್ರೋ ಡಿಪೋ. ಉಳಿದ ಶೆಡ್ಡುಗಳಲ್ಲಿ ಸಿನಿಮಾದವರು ಹೊಡೆದಾಟದ ಶೂಟಿಂಗ್ ಮಾಡುತ್ತಾರೆ. ಟೀವಿಯಲ್ಲಿ ಹೀರೋ ಯಾರನ್ನಾದರೂ ಕಬ್ಬಿಣದ ಕಂಬಕ್ಕೆ ಎಸೆದರೆ ಮಾವ ಹೀರೋನನ್ನು ನೋಡುವುದಿಲ್ಲ. ‘ಅದು ನಮ್ಮ ಟೆಸ್ಟಿಂಗ್ ಬೇ’ ಎನ್ನುತ್ತಾರೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿದಾಗ ಊರಿನವರೆಲ್ಲ ಎಂ.ಜಿ. ರಸ್ತೆಯ ದಿಕ್ಕಿಗೆ ಹತ್ತಿದರು. ಮಾವ ಇಂದಿರಾನಗರದಲ್ಲಿ ಹತ್ತಿ ಬೈಯಪ್ಪನಹಳ್ಳಿ ಕಡೆಗೆ ಹೋಗಿ, ಕಿಟಕಿಯಿಂದ ಕಾರ್ಖಾನೆಯ ಸೂರನ್ನು ಮೇಲಿನಿಂದ ನೋಡಿ ಬಂದರು. ‘ಶೀಟು ತುಕ್ಕು ಹಿಡಿದಿದೆ’ ಎಂದಷ್ಟೇ ಹೇಳಿದರು.

ಆ ಕಾರ್ಖಾನೆಯ ಒಂದು ಮೋಟಾರು ನಮ್ಮ ಹಿತ್ತಲಿನಲ್ಲಿ, ಸಂಪಿನ ಪಕ್ಕ, ಸಿಮೆಂಟಿನ ಪೀಠದ ಮೇಲೆ ಕುಳಿತಿದೆ. ಬಣ್ಣ ಹೋಗಿದೆ, ನಾಮಫಲಕ ಉಳಿದಿದೆ. ಆಯುಧಪೂಜೆಗೆ ನನ್ನ ಲ್ಯಾಪ್‌ಟಾಪಿಗೆ ಒಂದು ಬೊಟ್ಟು ಕುಂಕುಮ ಇಡುತ್ತಾರೆ, ಮೋಟಾರಿಗೆ ಸೇವಂತಿಗೆ ಹಾರ, ನಿಂಬೆಹಣ್ಣು, ಬೂದುಗುಂಬಳ. ‘ಕಂಪನಿ ಹೋಯ್ತು, ಮೋಟಾರು ಉಳೀತು. ನಿಮ್ಮಲ್ಲಿ ಉಲ್ಟಾ ಅಲ್ವಾ ಅಳಿಯಂದ್ರೇ?’ ಎಂದು ಮಾವ ಕೇಳುತ್ತಾರೆ. ನಾನು ಹುಟ್ಟುಹಾಕಿದ ಸಾಫ್ಟ್‌ವೇರುಗಳಲ್ಲಿ ಇವತ್ತು ಎಷ್ಟು ಉಸಿರಾಡುತ್ತಿವೆ ಎಂದು ಎಣಿಸಲು ಹೋಗಿ ಒಂದು ಬೆರಳೂ ಮಡಚಲಾಗದೆ ಸುಮ್ಮನಾಗಿದ್ದೇನೆ.

ಈ ಮೋಟಾರಿಗೆ ಸೆನ್ಸರ್ ಇರಲಿಲ್ಲ, ಟೈಮರ್ ಇರಲಿಲ್ಲ. ಇದ್ದದ್ದು ಮಾವನ ಕಿವಿ. ವರಾಂಡದ ಆರಾಮಕುರ್ಚಿಯಲ್ಲಿ ಪೇಪರ್ ಓದುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು ಹೋಗಿ ಸ್ವಿಚ್ ಆರಿಸುತ್ತಿದ್ದರು. ಟ್ಯಾಂಕಿನ ಕಂಠಕ್ಕೆ ನಾಲ್ಕು ಬೆರಳು ಕಡಿಮೆ ಇರುತ್ತಿತ್ತು, ಪ್ರತಿ ಸಲವೂ. ಎಚ್‌ಎಎಲ್ ಕಡೆಯಿಂದ ತಲೆಯ ಮೇಲೆ ಏನಾದರೂ ಹಾರಿದರೆ ಪೇಪರಿನಿಂದ ಕಣ್ಣೆತ್ತದೆ ‘ಧ್ರುವ’, ‘ತೇಜಸ್’ ಎಂದು ಹಾಜರಿ ಕರೆಯುತ್ತಿದ್ದರು. ಕೊನೆಯಲ್ಲಿ ‘ಅವರು ಹಾರಿಸ್ತಾರೆ, ತಿರುಗಿಸ್ತಿದ್ದೋರು ನಾವು’ ಎಂಬ ಒಗ್ಗರಣೆ. ಈಚೆಗೆ ಆ ಚಾಳಿ ಬಿಟ್ಟಿದ್ದರು. ಎಪ್ಪತ್ತು ದಾಟಿದ ಮೇಲೆ ಎಚ್‌ಎಎಲ್ ಮೇಲಿನ ಜಿದ್ದೂ ಇಳಿಯುತ್ತದೇನೋ ಎಂದುಕೊಂಡಿದ್ದೆ.

ಇನ್ನು ನನ್ನ ಸಾಧನೆಗೆ ಬರುತ್ತೇನೆ. 2024ರ ಮಾರ್ಚ್. ಬೆಂಗಳೂರಿನ ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿನವರು ದೇವರಾಗಿ, ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ, ರಸ್ತೆ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದ ತಿಂಗಳು. ನಾನು ಮನೆಯಿಂದಲೇ ಕೆಲಸ ಮಾಡುವ ದಿನ. ಬ್ಯಾಂಕಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತಾ ‘ರೀ, ಮೋಟಾರ್ ಹಾಕಿದೀನಿ. ಇಪ್ಪತ್ ನಿಮಿಷಕ್ಕೆ ಆಫ್ ಮಾಡಿ. ಕೇಳಿಸ್ತಾ?’ ಎಂದಳು. ‘ಹ್ಞೂಂ’ ಎಂದೆ. ಗಂಡಸರ ಗಂಟಲಿನಲ್ಲಿ ಮಿದುಳಿಗೆ ತಂತಿಯ ಸಂಪರ್ಕವಿಲ್ಲದ ಒಂದು ಜಾಗವಿದೆ, ಈ ಹ್ಞೂಂ ಹುಟ್ಟುವುದು ಅಲ್ಲಿ.

ಒಂಬತ್ತಕ್ಕೆ ನನ್ನ ಭಾಷಣ. ಕಂಪನಿಯ ನೂರಾ ನಲವತ್ತು ಜನ ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಕುಳಿತಿದ್ದರು. ವಿಷಯ: ಓನರ್‌ಶಿಪ್. ‘ಇದು ನನ್ನ ಕೆಲಸವಲ್ಲ ಅನ್ನಬೇಡಿ. ಕಣ್ಣಿಗೆ ಬಿದ್ದದ್ದೆಲ್ಲ ನಿಮ್ಮದೇ. ಸೋರುವ ನಲ್ಲಿ ಕಂಡರೆ ನಿಲ್ಲಿಸುವವನು ನಾಯಕ’ ಎಂದು ನಾನೇ ಹೇಳಿದೆ. ಅದು ಸ್ಲೈಡಿನಲ್ಲಿ ಇರಲಿಲ್ಲ, ಹುರುಪಿನಲ್ಲಿ ಸೇರಿಸಿದ್ದು. ಅಷ್ಟು ಹೊತ್ತಿಗೆ ನನ್ನ ಬೆನ್ನ ಹಿಂದಿನ ಕಿಟಕಿಯಾಚೆ ಸಜ್ಜಾದ ಮೇಲಿಂದ ಧೋ ಎಂದು ನೀರು ಸುರಿಯಲು ಶುರುವಾಗಿ ಐದು ನಿಮಿಷವಾಗಿತ್ತು. ಪುಣೆಯ ಹುಡುಗಿಯೊಬ್ಬಳು ಚಾಟಿನಲ್ಲಿ ‘ಸರ್, ಅಲ್ಲಿ ಮಳೆಯಾ? ಎಷ್ಟು ಚೆಂದ’ ಎಂದು ಬರೆದಳು. ಬೆಂಗಳೂರಿಗೆ ತಿಂಗಳುಗಳಿಂದ ಹನಿ ಬಿದ್ದಿರಲಿಲ್ಲ. ನಾನು ತಿರುಗಿಯೂ ನೋಡದೆ, ‘ಅದೇ ನೋಡಿ, ನಮ್ಮ ಬೆಂಗಳೂರು ಹವಾ’ ಎಂದು ಮುಗುಳ್ನಕ್ಕೆ. ಒಬ್ಬರು ಚಪ್ಪಾಳೆಯ ಗುರುತು ಹಾಕಿದರು.

ನೀರು ಮೊದಲು ಅತ್ತೆಯ ದಾಸವಾಳದ ಮೇಲೆ, ಅಲ್ಲಿಂದ ಕಾಂಪೌಂಡಿನಾಚೆ ನಿಂತಿದ್ದ ಯಾರದೋ ಬಿಳಿ ಕಾರಿನ ಮೇಲೆ, ಅಲ್ಲಿಂದ ರಸ್ತೆಗೆ ಬೀಳುತ್ತಿತ್ತು. ಗಿಡ, ಕಾರು, ರಸ್ತೆ. ಮಂಡಳಿಯವರು ಬೇರೆ ಬೇರೆಯಾಗಿ ನಿಷೇಧಿಸಿದ್ದ ಮೂರನ್ನೂ ನಾನು ಕುರ್ಚಿಯಿಂದ ಏಳದೆ ಒಂದೇ ಏಟಿಗೆ ಮುಗಿಸಿದ್ದೆ. ಉತ್ಪಾದಕತೆ ಎಂದರೆ ಇದು. ಎದುರಿನ ಕಾಫಿ ಅಂಗಡಿಯ ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರಂತೆ. ಕಾರಿನವರು ಬಂದು ಕೂಗಾಡಿದರು. 2021ರ ಆ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಕಾರಿನ ಸೂರಿನಿಂದ ಮೇಲೆದ್ದು ಬ್ಯಾಟ್ ಬೀಸಿ ತಾನು ಇಂದಿರಾನಗರದ ಗೂಂಡಾ ಎಂದು ಸಾರಿದ ಮೇಲೆ ಈ ಬಡಾವಣೆಯವರೆಲ್ಲರಿಗೂ ಒಂದಿಷ್ಟು ಗೂಂಡಾಗಿರಿ ಪುಕ್ಕಟೆಯಾಗಿ ಹಂಚಿಕೆಯಾಗಿದೆ ಎಂದು ಊರಿನ ಕಡೆಯವರು ನಂಬಿದ್ದಾರೆ. ನನ್ನ ಪಾಲು ಇನ್ನೂ ಬಂದಿಲ್ಲ. ಅಂಗಿ ಇಸ್ತ್ರಿಯದ್ದು, ಕೆಳಗೆ ಪಂಚೆ, ಕಿವಿಯಲ್ಲಿ ಇಯರ್‌ಫೋನು. ಆ ವೇಷದಲ್ಲಿ ಹೊರಗೆ ಬಂದು ಕೈಮುಗಿದೆ. ‘ಕಾರು ಸ್ವಚ್ಛವಾಯ್ತಲ್ಲ ಸರ್’ ಎನ್ನಬೇಕೆಂದಿದ್ದೆ, ಅನ್ನಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿ ನನಗೆ ಕಲಿಸಿದ ಒಂದೇ ಗಟ್ಟಿ ವಿದ್ಯೆ ಅದು.

ಅಷ್ಟರಲ್ಲಿ ಮನೆಗೆಲಸದ ಅಕ್ಕ ಪಾತ್ರೆ ಬಿಟ್ಟು ‘ಸಾರ್! ಟ್ಯಾಂಕು!’ ಎಂದು ಓಡಿ ಬಂದವರು, ವರಾಂಡದಲ್ಲಿ ಕುಳಿತಿದ್ದ ಮಾವನ ಪೇಪರಿನ ಮೇಲೆ ಕೈಯಿಟ್ಟು ಮೇಲಕ್ಕೆ ತೋರಿಸಿದರು. ಮಾವ ಎದ್ದು ಹೋಗಿ ಸ್ವಿಚ್ ಆರಿಸಿದರು. ನನ್ನ ಕಾಲ್ ಮುಗಿಯುವವರೆಗೆ ಬಾಗಿಲಾಚೆ ಕಾದಿದ್ದು, ಒಳಗೆ ಬಂದರು.

‘ಅಳಿಯಂದ್ರೇ, ಭಾಷಣ ಚೆನ್ನಾಗಿತ್ತಂತೆ. ಮಗು ಹೇಳಿತು.’

‘ಮಾವಾ, ಅದು…’

‘ತೊರೆಕಾಡನಹಳ್ಳಿ ಗೊತ್ತಾ ನಿಮಗೆ? ನೂರು ಕಿಲೋಮೀಟರು. ಅಲ್ಲಿ ಒಂದು ಸಲ ಎತ್ತುತಾರೆ, ಹಾರೋಹಳ್ಳೀಲಿ ಇನ್ನೊಂದು ಸಲ, ತಾತಗುಣೀಲಿ ಮತ್ತೊಂದು ಸಲ. ಹತ್ತಿರ ಹತ್ತಿರ ಅರ್ಧ ಕಿಲೋಮೀಟರು ಎತ್ತರ ಹತ್ತಿಸ್ತಾರೆ ಕಾವೇರೀನ. ಅಷ್ಟು ದೂರದಿಂದ ಬಂದೋಳನ್ನ ನೀವು ಒಳಗೆ ಕರೀದೆ ಬೀದೀಲೇ ಕಳಿಸಿಬಿಟ್ರಿ.’

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಫೀಸಿನಲ್ಲಿ ಏನಾದರೂ ಮುಳುಗಿದರೆ ನಾವು ಮೊದಲು ಮಾಡುವುದು ಮೀಟಿಂಗ್. ಅಂದು ರಾತ್ರಿ ಊಟದ ಮೇಜಿನಲ್ಲಿ ನಾನು ಜಪಾನಿನ ಟೊಯೋಟಾದವರ ವಿಧಾನ ಹೊರತೆಗೆದೆ. ಏನಾದರೂ ಕೆಟ್ಟರೆ ‘ಯಾಕೆ’ ಎಂದು ಐದು ಸಲ ಕೇಳುತ್ತಾ ಹೋಗಬೇಕು, ಐದನೆಯದಕ್ಕೆ ಮೂಲಕಾರಣ ಸಿಗುತ್ತದೆ. ಯಾರನ್ನೂ ದೂರಬಾರದು, ವ್ಯವಸ್ಥೆಯ ದೋಷವನ್ನಷ್ಟೇ ಹುಡುಕಬೇಕು ಎಂದು ಪೀಠಿಕೆ ಹಾಕಿ ಹೆಂಡತಿಯನ್ನು ಕೇಳಿದೆ.

‘ಟ್ಯಾಂಕು ಯಾಕೆ ತುಂಬಿ ಹರೀತು?’

‘ಮೋಟಾರು ಆಫ್ ಮಾಡ್ಲಿಲ್ಲ.’

‘ಯಾಕೆ ಆಫ್ ಮಾಡ್ಲಿಲ್ಲ?’

‘ನಿಮಗೆ ನೆನಪಿರ್ಲಿಲ್ಲ.’

‘ಯಾಕೆ ನೆನಪಿರ್ಲಿಲ್ಲ?’

‘ಕೇಳಿಸ್ಕೊಂಡೇ ಇರ್ಲಿಲ್ಲ.’

‘ಯಾಕೆ ಕೇಳಿಸ್ಕೊಳ್ಲಿಲ್ಲ?’

‘ಹೇಳಿದ್ದು ನಾನಲ್ವಾ, ಅದಕ್ಕೆ.’

ಐದನೆಯ ಯಾಕೆ ನನ್ನ ಬಾಯಿಂದ ಹೊರಡಲಿಲ್ಲ. ಮಗಳು ‘ಕೇಳಪ್ಪ, ಇನ್ನೊಂದು ಬಾಕಿ ಇದೆ’ ಎಂದಳು. ಮಜ್ಜಿಗೆ ಬಡಿಸಿಕೊಂಡೆ.

ಮಾರನೆಯ ವಾರ ಉಪಕರಣಗಳ ಮೊರೆ ಹೋದೆ. ಎಂಬತ್ತರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೇಟೊ ಆಕಾರದ ಅಡುಗೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಇಪ್ಪತ್ತೈದಿಪ್ಪತ್ತೈದು ನಿಮಿಷ ಓದಿದನಂತೆ. ಅದೀಗ ಲೋಕಪ್ರಸಿದ್ಧ ವಿಧಾನ. ನಾನೂ ಅಂಥದೇ ಟೊಮೇಟೊ ಗಡಿಯಾರ ತರಿಸಿ ಮೋಟಾರಿನ ಸ್ವಿಚ್ಚಿನ ಪಕ್ಕ ಇಟ್ಟೆ. ಸಂಜೆಗೆ ಅದು ತರಕಾರಿ ಬುಟ್ಟಿಯಲ್ಲಿತ್ತು. ಅಲ್ಲಿಂದ ತಂದು ಮತ್ತೆ ಇಟ್ಟೆ. ಬೆಳಿಗ್ಗೆ ಇಡ್ಲಿ ಪಾತ್ರೆಯ ಪಕ್ಕ ಟಿಕ್ ಟಿಕ್ ಎನ್ನುತ್ತಿತ್ತು. ‘ಎಷ್ಟು ಒಳ್ಳೇದು ತಂದಿದ್ದೀರಿ, ಹನ್ನೆರಡು ನಿಮಿಷಕ್ಕೆ ಸರಿಯಾಗಿ ಕೂಗುತ್ತೆ’ ಎಂದು ಅತ್ತೆ, ಮದುವೆಯಾದ ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ, ನಾನು ತಂದ ವಸ್ತುವೊಂದನ್ನು ಹೊಗಳಿದರು. ಅದನ್ನು ಕಿತ್ತುಕೊಳ್ಳುವ ಎದೆಗಾರಿಕೆ ಯಾವ ಮನೆಯಳಿಯನಿಗಿದೆ? ಅಂದಿನಿಂದ ನಮ್ಮ ಮನೆಯ ಇಡ್ಲಿ ಮಲ್ಲಿಗೆ.

ಫ್ರಿಜ್ಜಿನ ಬಾಗಿಲ ಮೇಲೆ ಮೂರು ಕಾಲಮ್ಮಿನ ಬೋರ್ಡೂ ಹಾಕಿದ್ದೆ: ಮಾಡಬೇಕು, ಮಾಡ್ತಾ ಇದೀನಿ, ಆಯ್ತು. ನನ್ನ ಹೆಸರಿನ ಚೀಟಿಗಳು ಮಧ್ಯದ ಮನೆಯಲ್ಲಿ ಬಿಡಾರ ಹೂಡಿದವು. ಯುಗಾದಿಗೆ ಫ್ರಿಜ್ಜು ಒರೆಸುವಾಗ ಅಕ್ಕ ಎಲ್ಲ ಚೀಟಿ ಕಿತ್ತಿಟ್ಟು, ಒರೆಸಿದ ಮೇಲೆ ಜಾಗ ಖಾಲಿಯಿದ್ದ ಕಡೆ ಅಂಟಿಸಿದರು. ಖಾಲಿಯಿದ್ದದ್ದು ಮೂರನೆಯ ಮನೆ. ಒಂದೇ ಬೆಳಿಗ್ಗೆ ಗ್ಯಾಸ್ ಬುಕಿಂಗು, ಆಸ್ತಿ ತೆರಿಗೆ, ಮಗಳ ಕನ್ನಡಕ, ನನ್ನ ಹೊಟ್ಟೆ ಕರಗಿಸುವುದು ಎಲ್ಲ ಆಗಿಹೋಗಿತ್ತು.

ವಾರ್ಷಿಕ ಮೌಲ್ಯಮಾಪನದ ಫಾರಂ ಬಂದದ್ದೂ ಆ ದಿನಗಳಲ್ಲೇ. ‘ಈ ವರ್ಷ ನೀವು ವ್ಯಕ್ತಿಯಾಗಿ ಬೆಳೆದ ಬಗೆಯನ್ನು ಮುನ್ನೂರು ಪದಗಳಲ್ಲಿ ವಿವರಿಸಿ.’ ಸುತ್ತಮುತ್ತಲಿನವರ ಅಭಿಪ್ರಾಯ ಸಂಗ್ರಹಿಸಬೇಕೆಂಬ ಸೂಚನೆಯೂ ಇತ್ತು. ಮನೆಯಿಂದಲೇ ಶುರುಮಾಡೋಣವೆಂದು ಅಕ್ಕನನ್ನು ಕೇಳಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, ಮನಸಾರೆ ಹೇಳಿದರು: ‘ಸಾರ್ ತುಂಬಾ ಒಳ್ಳೇರು. ಪಾಪ, ಏನೂ ಮಾಡಲ್ಲ.’ ಮುನ್ನೂರು ಪದ ಬೇಕೇ ಆಗಲಿಲ್ಲ.

ಮಾವನಿಗೆ ಫಾರಂ ತೋರಿಸಿದೆ. ‘ನಮ್ಮಲ್ಲಿ ಸಿ.ಆರ್. ಅಂತಿತ್ತು, ಗೌಪ್ಯ ವರದಿ. ಮೇಲಿನೋನು ನಮ್ಮ ಬಗ್ಗೆ ಏನು ಬರೀತಿದ್ದ ಅಂತ ನಮಗೆ ತೋರಿಸ್ತಾನೇ ಇರ್ಲಿಲ್ಲ’ ಎಂದರು.

‘ಅನ್ಯಾಯ ಅಲ್ವಾ ಮಾವ ಅದು?’

‘ರಾತ್ರಿ ನಿದ್ದೆ ಬರ್ತಿತ್ತು.’

ನಮ್ಮಲ್ಲಿ ಎಲ್ಲವೂ ಪಾರದರ್ಶಕ, ಆದ್ದರಿಂದ ನಿದ್ದೆಯಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಷ್ ಪ್ರತಿ ವರ್ಷ ನೌಕರರನ್ನು ಸಾಲಾಗಿ ನಿಲ್ಲಿಸಿ ಕೆಳಗಿನ ಹತ್ತು ಪಾಲನ್ನು ಕಳೆದುಬಿಡುವ ಪದ್ಧತಿ ಮಾಡಿದ. ಮೈಕ್ರೋಸಾಫ್ಟ್‌ನವರು ಅಂಥದನ್ನು 2013ರಲ್ಲಿ ಕೈಬಿಟ್ಟರು. ನಮ್ಮ ಮನೆಯಲ್ಲಿ ಬಿಟ್ಟಿಲ್ಲ. ಐದು ಜನ, ಒಬ್ಬರು ಕೊನೆಯಲ್ಲಿರಲೇಬೇಕು. ಆ ಸ್ಥಾನದಲ್ಲಿ ನಾನು ಖಾಯಂ ನೌಕರ.

ಮೋಟಾರಿನ ಹೊಣೆ ವಾಪಸ್ ಮಾವನಿಗೆ ಹೋಯಿತು. ಹಳದಿ ಕಾಗದ ಬಂತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ಮೇ ತಿಂಗಳ ಒಂದು ಭಾನುವಾರ, ಟ್ಯಾಂಕು ಮತ್ತೆ ತುಂಬಿ ಹರಿಯಿತು. ಆಗ ನಾನು ಸ್ನಾನದಲ್ಲಿದ್ದೆ. ಸೋಪು ಹಚ್ಚಿದ ಮುಖದಲ್ಲೇ ಹೆಂಡತಿಯ ‘ರೀ!’ ಕೇಳಿಸಿತು, ಅದರ ಹಿಂದೆ ಅತ್ತೆಯ ನಿಟ್ಟುಸಿರು, ಮಗಳ ‘ಅಪ್ಪಾ, ಮತ್ತೆ?’ ನಾನು ಸ್ವಿಚ್ಚಿನ ಬಳಿಯೂ ಸುಳಿದಿರಲಿಲ್ಲ. ಆದರೆ ಈ ಪೇಟೆಯಲ್ಲಿ ನೀರು ಚೆಲ್ಲಿದರೆ ಅದು ನಾನೇ ಎಂಬಷ್ಟು ಹೆಸರು ಕಟ್ಟಿಕೊಂಡಿದ್ದೆ. ವೈಯಕ್ತಿಕ ಬ್ರ್ಯಾಂಡ್ ಬೆಳೆಸಿಕೊಳ್ಳಿ ಎಂದು ನಾನು ಹುಡುಗರಿಗೆ ಪಾಠ ಹೇಳುವುದು ಇದನ್ನೇ. ಟವೆಲು ಸುತ್ತಿಕೊಂಡು ಹೊರಬಂದು ‘ಸಾರಿ’ ಎಂದೆ. ಹಾಕಿದ್ದೆನೇನೋ, ನನಗೇನು ಗೊತ್ತು. ನನ್ನ ಹ್ಞೂಂಗಳ ಲೆಕ್ಕ ಇಟ್ಟವನು ನಾನಲ್ಲವಲ್ಲ. ವರಾಂಡದಲ್ಲಿ ಮಾವ ಪೇಪರ್ ಹಿಡಿದು ಕುಳಿತಿದ್ದರು. ಏನೂ ಹೇಳಲಿಲ್ಲ. ಪೇಪರಿನ ಹಾಳೆ ತಿರುಗಿಸಲೂ ಇಲ್ಲ.

ಜೂನಿನಲ್ಲಿ ಇನ್ನೊಮ್ಮೆ. ಆಗಲೂ ನನ್ನದೇ ತಲೆಗೆ ಬಂತು, ಆದರೆ ಆ ದಿನ ನಾನು ಊರಲ್ಲೇ ಇರಲಿಲ್ಲ. ಅರಸೀಕೆರೆಯಲ್ಲಿದ್ದವನಿಗೆ ಫೋನು ಮಾಡಿ ಬೈದ ಮೇಲೆ ಹೆಂಡತಿ ಒಂದು ಕ್ಷಣ ಸುಮ್ಮನಾದಳು. ‘ಹಾಗಾದ್ರೆ ಯಾರು?’ ಎಂದಳು. ನಾನು ‘ಹೋಗೋ ಮುಂಚೆ ನಾನೇ ಏನೋ ಅಲ್ಲಾಡಿಸಿರ್ಬೇಕು ಬಿಡು’ ಎಂದೆ. ಹಿಂದಿನ ರಾತ್ರಿ ಊರು ಬಿಟ್ಟವನು ಮರುದಿನದ ಮೋಟಾರು ಹೇಗೆ ಅಲ್ಲಾಡಿಸುತ್ತಾನೆ ಎಂದು ಅವಳು ಕೇಳಲಿಲ್ಲ. ನನ್ನ ಸಾಮರ್ಥ್ಯದ ಮೇಲೆ ಅಷ್ಟು ಭರವಸೆ.

ವಾಪಸ್ ಬಂದ ಮೊದಲ ಶನಿವಾರ ಬೆಳಿಗ್ಗೆ ಮಾವ ‘ಅಳಿಯಂದ್ರೇ, ಬನ್ನಿ ಇಲ್ಲಿ’ ಎಂದು ಹಿತ್ತಲಿಗೆ ಕರೆದರು. ಕೈಯಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರು, ಮರದ ಹಿಡಿ ಬೆವರು ಕುಡಿದು ಕಪ್ಪಾಗಿತ್ತು. ಮೋಟಾರು ಹಾಕಿದರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಬಗ್ಗಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಕಣ್ಣು ಮುಚ್ಚಿಕೊಂಡರು. ‘ಬೇರಿಂಗ್ ಹೋಗ್ತಿದ್ರೆ ಕರ್ ಕರ್ ಅನ್ನುತ್ತೆ. ಚೆನ್ನಾಗಿದ್ರೆ ಒಂದೇ ಶ್ರುತಿ. ಟೆಸ್ಟಿಂಗ್‌ನಲ್ಲಿ ನಾವು ಮೀಟರ್ ಆಮೇಲೆ ನೋಡ್ತಿದ್ವಿ, ಮೊದಲು ಇದು’ ಎಂದರು. ಬಲಗಿವಿಗೆ ಇಟ್ಟರು, ಎಡಗಿವಿಗೆ ಇಟ್ಟರು, ಮತ್ತೆ ಬಲಗಿವಿಗೆ. ಬಹಳ ಹೊತ್ತಾಯಿತು. ಕೊನೆಗೆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

‘ಏನು ಕೇಳಿಸ್ತಿದೆ ನೋಡಿ.’

ಒತ್ತಿಕೊಂಡೆ. ಮೂಳೆಯೊಳಗೆ ತಂಬೂರಿ ಮೀಟಿದ ಹಾಗೆ ಒಂದು ಗುಂಯ್.

‘ಒಂದೇ ಶ್ರುತಿ ಮಾವ.’

‘ಕರ್ ಕರ್ ಇಲ್ವಾ?’

‘ಇಲ್ಲ.’

‘ಖಂಡಿತಾ?’

ಆಗ ಅವರ ಮುಖ ನೋಡಿದೆ. ಅವರು ನನಗೆ ಪರೀಕ್ಷೆ ಕೊಡುತ್ತಿರಲಿಲ್ಲ. ಅಂದು ಸಜ್ಜಾದ ಮೇಲಿಂದ ಜೋಗ ಬೀಳುವಾಗ ಅವರು ಹತ್ತಡಿ ದೂರದಲ್ಲಿ ಕುಳಿತಿದ್ದರು. ಮಾತಾಡದೆ ಪೇಪರಿನ ಮೇಲೆ ಕೈಯಿಟ್ಟು ತೋರಿಸಬೇಕೆಂದು ಅಕ್ಕನಿಗೆ ಗೊತ್ತಿತ್ತು. ಮನೆಯಲ್ಲಿ ನಮಗಾರಿಗೂ ಗೊತ್ತಿರಲಿಲ್ಲ. ಆರು ತಿಂಗಳಿಂದ ಟೀವಿಯ ಸದ್ದಿಗೆ ಅತ್ತೆ ಜಗಳವಾಡುತ್ತಿದ್ದರು. ಜನರ ಮಾತನ್ನು ಗಮನವಿಟ್ಟು ಕೇಳುವುದು ಹೇಗೆ ಎಂಬುದರ ಮೇಲೆ ನಾನು ಆ ವರ್ಷ ನಾಲ್ಕು ತರಬೇತಿ ನಡೆಸಿದ್ದೆ, ಪ್ರಮಾಣಪತ್ರವೂ ಇದೆ.

‘ಖಂಡಿತಾ ಮಾವ’ ಎಂದೆ, ಸ್ವಲ್ಪ ಜೋರಾಗಿ. ಅವರು ಸಮಾಧಾನದಿಂದ ತಲೆಯಾಡಿಸಿದರು. ನಾಮಫಲಕದ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿದರು.

ಆಮೇಲೆ ಟ್ಯಾಂಕಿನ ಪಾಠ. ನೀರು ಬೀಳುವ ಸದ್ದು ಮೊದಲು ದಪ್ಪಗೆ, ಬುಡದಿಂದ ಬರುತ್ತದೆ. ತುಂಬುತ್ತಾ ಬಂದ ಹಾಗೆ ತೆಳ್ಳಗಾಗುತ್ತಾ ಮೇಲೇರುತ್ತದೆ. ಬಿಂದಿಗೆಗೆ ನೀರು ಹಿಡಿದವರಿಗೆಲ್ಲ ಗೊತ್ತಿರುವ ವಿಷಯ. ನಾನು ಬಾಟಲಿಯಲ್ಲಿ ಕುಡಿದು ಬೆಳೆದವನೂ ಅಲ್ಲ, ಆದರೂ ಗಮನಿಸಿರಲಿಲ್ಲ. ‘ಕಂಠಕ್ಕೆ ಬಂತು ಅಂದ್ರೆ ಸದ್ದು ಮೂಗಿನಲ್ಲಿ ಮಾತಾಡಿದ ಹಾಗೆ ಆಗುತ್ತೆ. ಆಗ ಎದ್ದರೆ ಸರಿ. ಇಪ್ಪತ್ ನಿಮಿಷ, ಇಪ್ಪತ್ತೈದ್ ನಿಮಿಷ ಎಲ್ಲ ಸುಳ್ಳು. ಕರೆಂಟು ಒಂದೊಂದು ದಿನ ಒಂದೊಂದು ಥರ’ ಎಂದರು. ಆ ದಿನದಿಂದ, ಕಾವೇರಿ ಬರುವ ಬೆಳಿಗ್ಗೆಗಳಲ್ಲಿ, ಮೀಟಿಂಗಿನಲ್ಲಿ ಒಂದು ಕಿವಿಯ ಇಯರ್‌ಫೋನ್ ತೆಗೆದಿಡುತ್ತೇನೆ. ಅರ್ಧ ಕಿವಿಯಲ್ಲಿ ಕೇಳಿದರೂ ಮೀಟಿಂಗಿನಲ್ಲಿ ಏನೂ ತಪ್ಪಿಹೋಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಿಡುತ್ತೇನೆ. ಮಾತಿನ ಮಧ್ಯೆ ‘ಒಂದು ನಿಮಿಷ’ ಎಂದು ಎದ್ದು ಹೋಗುತ್ತೇನೆ. ಮೊದಲ ತಿಂಗಳು ಸಂಶಯಕ್ಕೆ ಐದೈದು ಸಲ ಎದ್ದೆ. ನನಗೆ ಬೇರೇನೋ ಕಾಯಿಲೆಯೆಂದು ಆಫೀಸಿನಲ್ಲಿ ಸುದ್ದಿಯಾಗಿದೆ.

ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದು ಹೆಂಡತಿಯ ಬಾಯಲ್ಲಿ ಹೇಳಿಸಿದ್ದಾಯಿತು. ಮಾವ ‘ನಂಗೇನಾಗಿದೆ?’ ಎಂದರು. ದೀಪಾವಳಿ ಆಗಲಿ ಎಂದರು. ಈಗ ಸಂಕ್ರಾಂತಿ ಆಗಲಿ ಎನ್ನುತ್ತಿದ್ದಾರೆ.

ಹೋದ ಗುರುವಾರ ಬೆಳಿಗ್ಗೆ ಸದ್ದು ಮೂಗಿಗೆ ಬಂದದ್ದೇ ಎದ್ದು ಹೋಗಿ ಮೋಟಾರು ಆರಿಸಿ ವರಾಂಡಕ್ಕೆ ಬಂದೆ. ಟ್ಯಾಂಕಿನ ಕಂಠಕ್ಕೆ ನಾಲ್ಕು ಬೆರಳು ಕಡಿಮೆ, ಹತ್ತಿ ನೋಡಿದ್ದೇನೆ. ಎರಡು ನಿಮಿಷ ಕಳೆದಿರಬೇಕು. ಮಾವ ಪೇಪರ್ ಮಡಿಸಿ, ತಲೆಯನ್ನು ಒಂದು ಕಡೆ ವಾಲಿಸಿ, ಸೂಕ್ಷ್ಮವಾಗಿ ಏನನ್ನೋ ಆಲಿಸಿದವರಂತೆ ಬೆರಳೆತ್ತಿದರು.

‘ತುಂಬ್ತು ನೋಡಿ ಅಳಿಯಂದ್ರೇ. ಈಗ ಆರಿಸಿ.’

ನಾನು ಹಿತ್ತಲಿಗೆ ಓಡಿದೆ. ಹಳದಿ ಕಾಗದದ ಕೆಳಗೆ ಎರಡು ಸ್ವಿಚ್ಚಿವೆ. ಒಂದು ಮೋಟಾರಿನದು, ಇನ್ನೊಂದು ಯಾವ ಕಾಲದಿಂದಲೋ ಯಾವುದಕ್ಕೂ ಸೇರದ್ದು. ಆ ಎರಡನೆಯದನ್ನು, ಅವರ ಕುರ್ಚಿಯವರೆಗೂ ಕೇಳಿಸಲಿ ಎಂದು, ಬಲವಾಗಿ ಒತ್ತಿದೆ. ಟಕ್. ತಿರುಗಿದರೆ ಬಾಗಿಲಲ್ಲಿ ಬಾಯಿಗೆ ಬ್ರಷ್ ಸಿಕ್ಕಿಸಿಕೊಂಡು ಮಗಳು ನಿಂತು ನೋಡುತ್ತಿದ್ದಳು.

‘ಅಪ್ಪ, ಅದು ಮೋಟಾರ್ ಸ್ವಿಚ್ ಅಲ್ಲ’ ಎಂದಳು.